ತಾಂಡೂರು ಕಲ್ಲು, ಹಿಂದಿನ ಪಟ್ಟಾ

ತಾಂಡೂರಿನ ಹಾಸುಗಲ್ಲು ಕಣ್ಣಿಗೆ ಮೋಸ ಮಾಡುತ್ತದೆ. ಒಂದಿಂಚು ದಪ್ಪದ ಕಲ್ಲು ನೂರು ಚದರ ಅಡಿಗೆ ಸುಮಾರು 600 ಕೆ.ಜಿ. ತೂಗುತ್ತದೆ. ಇನ್ನೂರು ಅಡಿ ಹೇರಿದರೂ ಪಿಕಪ್ ಮುಕ್ಕಾಲು ಖಾಲಿ ಕಾಣುತ್ತದೆ, ಭಾರ ಆಗಲೇ ಟನ್ ದಾಟಿರುತ್ತದೆ. ಆಲೂಗಡ್ಡೆ, ತೊಗರಿ ಚೀಲ ಹಾಗಲ್ಲ, ತುಂಬಿದ್ದು ಎದುರಿಗೇ ಕಾಣುತ್ತದೆ. ಕಲ್ಲು ಹೇರುವಾಗ ನಾನು ನೋಡುವುದು ಹಿಂದಿನ ಪಟ್ಟಾ, ಅಂದರೆ ಲೀಫ್ ಸ್ಪ್ರಿಂಗ್, ಎಷ್ಟು ಬಗ್ಗಿತು ಎಂದು.

1956ರವರೆಗೆ ನಮ್ಮ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಈಗ ರಾಜ್ಯ ಬೇರೆಯಾದರೂ ಬೀದರ, ಸೇಡಂ, ಚಿಂಚೋಳಿಯ ಬಾಡಿಗೆ ನಮಗೆ ಇವತ್ತಿಗೂ ಸಿಗುತ್ತದೆ. ಡಾಂಬರು ಬಿಟ್ಟು ಹೊಲದ ದಾರಿಗಿಳಿದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಅದು ಪಟ್ಟಾಗಳ ಸಂದಿಗೆ ಸೇರಿ ಒಣಗಿ ತುಕ್ಕು ಹಿಡಿಸುತ್ತದೆ. ತೊಳೆಯದೆ ಬಿಟ್ಟರೆ ಕಿರುಗುಟ್ಟಲು ಶುರು.

ಆದರೂ ಮಾಲು ಹೊರುವ ಗಾಡಿಗೆ ನನ್ನ ಆಯ್ಕೆ ಪಟ್ಟಾನೇ. ಅದು ಭಾರ ಹೊರುವುದರ ಜೊತೆಗೆ ಆಕ್ಸೆಲ್ ಅನ್ನೂ ಹಿಂದೆ ಮುಂದೆ, ಅತ್ತಿತ್ತ ಸರಿಯದಂತೆ ಹಿಡಿದಿರುತ್ತದೆ. ಕಾಯಿಲ್ ಸ್ಪ್ರಿಂಗ್ ಮೇಲಿನ ಭಾರವನ್ನಷ್ಟೇ ತಡೆಯುತ್ತದೆ, ಆಕ್ಸೆಲ್ ಹಿಡಿಯಲು ಬೇರೆ ಆರ್ಮು, ರಾಡು, ಬುಷ್ ಬೇಕು. ಒಂದು ಪಟ್ಟಾ ಕಟ್ಟಾದರೆ ನಾರಾಯಣಖೇಡದ ಮಿಸ್ತ್ರಿ ಅದೊಂದನ್ನೇ ಬದಲಿಸಿ ಸಂಜೆಯೊಳಗೆ ಗಾಡಿ ಬಿಡುತ್ತಾನೆ. ಕಾಯಿಲ್ ಮುರಿದರೆ ಹೊಸದೇ ತರಿಸಬೇಕು.

ಜನ ಕೂರುವ ಗಾಡಿಯ ಮಾತೇ ಬೇರೆ. ಕ್ವಾಲಿಸ್‌ಗೆ ಹಿಂದೆ ಪಟ್ಟಾ ಇತ್ತು. 2005ರಲ್ಲಿ ಬಂದ ಇನೋವಾಕ್ಕೆ ಕಾಯಿಲ್ ಹಾಕಿದರು. ಬಸುರಿ ಹೆಣ್ಣುಮಗಳನ್ನು ತಗ್ಗು ದಿನ್ನೆಯ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯುವಾಗ ಅವೆರಡರ ವ್ಯತ್ಯಾಸ ಏನೆಂದು ಜೊತೆಗೆ ಕೂತ ತಾಯಿಯನ್ನು ಕೇಳಬೇಕು. ಸಣ್ಣ ಮಾಲಿನ ಗಾಡಿಗೂ ಕಾಯಿಲ್ ಬಂದಿದೆ. ನಮ್ಮ ಜಹೀರಾಬಾದಿನ ಕಾರ್ಖಾನೆಯಿಂದಲೇ 2015ರಲ್ಲಿ ಹೊರಬಂದ ಜೀತೊಗೆ ಹಿಂದೆಯೂ ಕಾಯಿಲ್ಲೇ. ತರಕಾರಿ, ಹಾಲಿನ ಕ್ಯಾನು ಹಾಕಿ ಊರೊಳಗೆ ಓಡಿಸುವವರಿಗೆ ಅದು ಒಪ್ಪುತ್ತದೆ. ಕಲ್ಲಿಗೆ ಬೇಡ.

ನನಗೆ ಕಳವಳ ತರುವುದು ಹೆಚ್ಚುವರಿ ಪಟ್ಟಾ. "ಸಾವಕಾರ್ರೆ, ಇನ್ನೆರಡು ಪಟ್ಟಾ ಹಾಕಿದ್ರ ಗಾಡಿ ಕುಂದ್ರಂಗಿಲ್ರಿ" ಅನ್ನುತ್ತಾರೆ ಮಿಸ್ತ್ರಿಗಳು. ಗಾಡಿ ಕೂರುವುದಿಲ್ಲ, ನಿಜ. ಆದರೆ ಆಕ್ಸೆಲ್, ಬೇರಿಂಗ್, ಟೈರು, ಬ್ರೇಕು ಮೊದಲಿನವೇ ಇರುತ್ತವೆ. ಎಷ್ಟೋ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸೆಲ್‌ಗೂ ನಡುವೆ ಸಣ್ಣ ಸರಳೊಂದು ಬ್ರೇಕ್ ವಾಲ್ವಿಗೆ ಜೋಡಿಸಿರುತ್ತದೆ. ಭಾರಕ್ಕೆ ಗಾಡಿ ತಗ್ಗಿದಷ್ಟೂ ಆ ವಾಲ್ವು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಕೊಡುತ್ತದೆ. ಪಟ್ಟಾ ಹೆಚ್ಚಿಸಿದ ಗಾಡಿ ಅಷ್ಟು ತಗ್ಗುವುದಿಲ್ಲ, ಹಾಗಾಗಿ ಟನ್ನುಗಟ್ಟಲೆ ಕಲ್ಲಿದ್ದರೂ ಹಿಂದಿನ ಚಕ್ರಗಳಿಗೆ ಬ್ರೇಕ್ ಸಿಗುವುದು ಕಡಿಮೆ ಭಾರದ ಗಾಡಿಯ ಲೆಕ್ಕದಲ್ಲಿ. ಖಾಲಿ ಬರುವಾಗಲೋ, ಹಿಂದಿನ ಚಕ್ರ ತಗ್ಗಿನಲ್ಲಿ ನೆಲ ಬಿಟ್ಟು ಜಿಗಿಯುತ್ತದೆ. ಹೈದರಾಬಾದ್ ಹೆದ್ದಾರಿಯಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತಾಗ ಇದರ ಅರ್ಥ ಏನೆಂದು ಡ್ರೈವರ್ ಆದವನಿಗೆ ಬಿಡಿಸಿ ಹೇಳಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವ ಹುಡುಗರು ನನ್ನನ್ನು ಕರೆದರೆ ಇಂಜಿನ್ ನೋಡುವ ಮೊದಲು ಗಾಡಿಯ ಕೆಳಗೆ ನುಗ್ಗುತ್ತೇನೆ. ಕಂಪನಿ ಕೊಟ್ಟಷ್ಟೇ ಪಟ್ಟಾ ಇವೆಯೇ, ಯು ಬೋಲ್ಟ್ ಬಿಗಿಯಾಗಿವೆಯೇ, ಸೆಂಟರ್ ಬೋಲ್ಟ್ ಮುರಿದು ಆಕ್ಸೆಲ್ ಸರಿದಿದೆಯೇ, ಆ ವಾಲ್ವಿನ ಸರಳನ್ನು ಬಿಚ್ಚಿ ತಂತಿ ಬಿಗಿದಿದ್ದಾರೆಯೇ ಎಂದು ನೋಡುತ್ತೇನೆ. ತಂತಿ ಕಂಡರೆ ಬೆಲೆಯ ಮಾತೇ ಎತ್ತಬೇಡಿ ಅನ್ನುತ್ತೇನೆ.