ಓದಿಗೂ ಒಂದು ಖಾತೆ



ಲೆಕ್ಕಶಾಸ್ತ್ರದಲ್ಲಿ ನಾವು ಮೊದಲು ನೋಡುವುದು ಆರಂಭಿಕ ಶಿಲ್ಕು. ಕೈಯಲ್ಲಿ ಎಷ್ಟಿದೆ ಎಂದು ತಿಳಿಯದೆ ಮುಂದಿನ ಲೆಕ್ಕ ನಡೆಯುವುದಿಲ್ಲ. ಕಳೆದ ರಜೆಯಲ್ಲಿ ನಾನು ನನ್ನ ಓದಿಗೂ ಇಂಥದೊಂದು ಖಾತೆ ತೆರೆದೆ.

ಇದಕ್ಕೆ ಕಾರಣ 2015ರಲ್ಲಿ ಶಾಲಾ ಬಾಲಕಿಯಾಗಿದ್ದ ಅಮೆರಿಕದ ನ್ಯೂಜೆರ್ಸಿಯ ಮಾರ್ಲಿ ಡಯಾಸ್. ಶಾಲೆಯಲ್ಲಿ ಓದಲು ಕೊಡುವ ಕಥೆಗಳಲ್ಲೆಲ್ಲ ಬಿಳಿಯ ಹುಡುಗರು, ಅವರ ನಾಯಿಗಳೇ ಇರುವುದು ಕಂಡು ಅವಳಿಗೆ ಬೇಸರವಾಯಿತು. 2015ರಲ್ಲಿ ಅವಳು ತನ್ನಂಥ ಕಪ್ಪುವರ್ಣೀಯ ಹುಡುಗಿಯರು ನಾಯಕಿಯರಾಗಿರುವ 1000 ಪುಸ್ತಕ ಸಂಗ್ರಹಿಸುವ ಗುರಿ ಇಟ್ಟುಕೊಂಡಳು. ಗುರಿ ಮೀರಿ ಪುಸ್ತಕಗಳು ಬಂದವು. ಅವಳ ಬೇಸರ ಸುಳ್ಳಲ್ಲ. 2013ರ ಸುಮಾರು 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪುವರ್ಣೀಯರ ಬಗ್ಗೆ ಇದ್ದದ್ದು 93 ಮಾತ್ರ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೇಂದ್ರವೊಂದು ಎಣಿಸಿತ್ತು. ಆದ್ದರಿಂದಲೇ ಅಲ್ಲಿನ ಹಲವು ಓದುಗರು ಬಿಳಿಯರಲ್ಲದ ಲೇಖಕರನ್ನು ಹೆಚ್ಚು ಓದುವ ಗುರಿ ಇಟ್ಟುಕೊಳ್ಳುತ್ತಾರೆ.

ನಾನೂ ಎಣಿಸಿದೆ. ಎರಡು ವರ್ಷದಲ್ಲಿ ಪಠ್ಯದ ಹೊರಗೆ ಓದಿದ್ದು 20 ಪುಸ್ತಕ. ಇಂಗ್ಲೆಂಡ್, ಅಮೆರಿಕದ ಬಿಳಿಯ ಲೇಖಕರವು 11, ಕನ್ನಡದವು 6, ಉರ್ದುವಿನವು 2. ಉಳಿದ ಒಂದು ನಮ್ಮ ಕಾಮರ್ಸ್‌ನವರ ನೆಚ್ಚಿನ 'ರಿಚ್ ಡ್ಯಾಡ್ ಪೂರ್ ಡ್ಯಾಡ್'. ಅದರ ಲೇಖಕ ರಾಬರ್ಟ್ ಕಿಯೊಸಾಕಿ ಜಪಾನಿ ಮೂಲದ ಅಮೆರಿಕನ್ ಎಂದು ನನಗೆ ತಿಳಿದದ್ದೇ ಆಗ! ಆಫ್ರಿಕಾದ ಲೇಖಕರು: ಸೊನ್ನೆ. ಆದರೂ ಆಫ್ರಿಕಾ ಎಂದರೆ ಕಾಡು, ಬರಗಾಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ನೈಜೀರಿಯಾದ ಲೇಖಕಿ ಚಿಮಮಾಂಡ ಎನ್‌ಗೋಜಿ ಅಡೀಚಿ 2009ರ ಭಾಷಣವೊಂದರಲ್ಲಿ ಇದನ್ನೇ 'ಒಂದೇ ಕಥೆಯ ಅಪಾಯ' ಎಂದು ಕರೆದರು. ಅಮೆರಿಕದಲ್ಲಿ ಅವರ ರೂಮ್‌ಮೇಟ್, ಇವರಿಗೆ ಸ್ಟವ್ ಹಚ್ಚಲೂ ಬರುವುದಿಲ್ಲ ಎಂದುಕೊಂಡಿದ್ದಳಂತೆ. ನನಗೆ ನನ್ನದೇ ಅನುಭವ ನೆನಪಾಯಿತು. ಒಮ್ಮೆ ಬಸ್ಸಿನಲ್ಲಿ ಕನ್ನಡ ಪುಸ್ತಕ ಹಿಡಿದು ಕೂತಿದ್ದಾಗ ಪಕ್ಕದವರು, "ನಿಮಗೆ ಕನ್ನಡ ಓದೋಕೆ ಬರುತ್ತಾ?" ಎಂದು ಆಶ್ಚರ್ಯದಿಂದ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮನೆಯಲ್ಲಿ ಉರ್ದು ಮಾತಾಡುವವರ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ ಕಥೆ. ಅಂದು ನನಗೆ ನೋವಾಗಿತ್ತು. ಆದರೆ ಆಫ್ರಿಕಾದವರ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ ಅಲ್ಲವೇ?

ಗುರಿ ಇಟ್ಟುಕೊಳ್ಳುವವರಿಗೆ ನಾನು ಕಲಿತ ನಾಲ್ಕು ಮಾತು:

1. ಮೊದಲು ಎಣಿಸಿ. ಓದಿದ ಪುಸ್ತಕ, ಲೇಖಕರ ಹೆಸರು, ಊರು ಬರೆದಿಡಿ.

2. ಗುರಿ ಚಿಕ್ಕದಿರಲಿ. ಪರೀಕ್ಷೆ ಇರುವುದರಿಂದ ನನ್ನದು ವರ್ಷಕ್ಕೆ ನಾಲ್ಕೇ ಪುಸ್ತಕ, ದಿನಕ್ಕೆ ಹತ್ತು ಪುಟ.

3. ಬರೀ ಕಷ್ಟದ ಕಥೆಗಳನ್ನೇ ಆರಿಸಬೇಡಿ. ಟ್ರೆವರ್ ನೋವಾ ಅವರ 'ಬಾರ್ನ್ ಎ ಕ್ರೈಮ್' ವರ್ಣಭೇದದ ದಕ್ಷಿಣ ಆಫ್ರಿಕಾದ್ದಾದರೂ ನಗಿಸುತ್ತದೆ. ಹುಡುಗನಾಗಿದ್ದಾಗ ಸಿಡಿ ಮಾರಿದ ವ್ಯಾಪಾರವೂ ಅದರಲ್ಲಿದೆ. ಜೇಸನ್ ರೆನಾಲ್ಡ್ಸ್ ಅವರ 'ಘೋಸ್ಟ್' ಓಟಗಾರ ಹುಡುಗನ ಕಥೆ, ಇಂಗ್ಲಿಷ್ ಸುಲಭ. ಅಡೀಚಿಯವರ 'ಪರ್ಪಲ್ ಹೈಬಿಸ್ಕಸ್' ನಾಯಕಿಗೆ ಹದಿನೈದು ವರ್ಷ. 2021ರ ನೊಬೆಲ್ ಪಡೆದ ಅಬ್ದುಲ್‌ರಜಾಕ್ ಗುರ್ನಾ ಅವರ 'ಪ್ಯಾರಡೈಸ್'ನಲ್ಲಿ ಅಪ್ಪನ ಸಾಲಕ್ಕಾಗಿ ಯೂಸುಫ್ ಎಂಬ ಬಾಲಕ ವ್ಯಾಪಾರಿಯ ಮನೆ ಸೇರುತ್ತಾನೆ. ಸಾಲವನ್ನು ಖಾತೆಯಲ್ಲಿ ಬರೆಯಲು ಕಲಿತ ನಾವು, ಅದು ಮನುಷ್ಯನನ್ನು ಏನು ಮಾಡುತ್ತದೆ ಎಂದು ಅಲ್ಲಿ ಓದಬಹುದು.

4. ಒಬ್ಬ ಲೇಖಕರನ್ನು ಓದಿ ಇಡೀ ಜನಾಂಗವೇ ಅರ್ಥವಾಯಿತು ಎನ್ನಬೇಡಿ.

ಲಂಡನ್ನಿನ ಓದುಗರೊಬ್ಬರು ಇಂಥದೇ ಪಟ್ಟಿ ಮಾಡಿದರೆ ಅದರಲ್ಲಿ ಹಾಸನದ ಬಾನು ಮುಷ್ತಾಕ್ ಇರಬಹುದು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 'ಹಾರ್ಟ್ ಲ್ಯಾಂಪ್' 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ನಮಗೆ ಆ ಕಥೆಗಳು ಮೂಲ ಕನ್ನಡದಲ್ಲೇ ಸಿಗುತ್ತವೆ. ನಮ್ಮ ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಒಂದು ರಾತ್ರಿ ನಾನು ಓದುತ್ತಾ ಉರ್ದುವಿನಲ್ಲಿ ಹೇಳುತ್ತಾ ಹೋದೆ. ಮುಗಿದ ಮೇಲೆ ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಇನ್ನೊಂದು ಹೇಳು" ಎಂದರು.

ನೀವೂ ಈ ವಾರ ಖಾತೆ ತೆರೆಯಿರಿ. ವರ್ಷದ ಕೊನೆಗೆ ನಮ್ಮ ಅಂತಿಮ ಶಿಲ್ಕುಗಳನ್ನು ಒಟ್ಟಿಗೆ ಕೂತು ನೋಡೋಣ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ