ಉಂಗುರದ ಮೇಲಿನ ಬಿರುದು

ಶಾಸನವೆಂದೊಡನೆ ಬಂಡೆ, ವೀರಗಲ್ಲು, ತಾಮ್ರಪಟಗಳು ನೆನಪಿಗೆ ಬರುತ್ತವೆ. ಬೆರಳಿಗೆ ತೊಡುವ ಕಲ್ಲೂ ಶಾಸನವಾಗಬಲ್ಲದೆಂಬುದಕ್ಕೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವ ಜೇಡ್ ಶಿಲೆಯ ಉಂಗುರವೊಂದು ನಿದರ್ಶನ. ಬಿಲ್ಲಿನ ಹೆದೆಯನ್ನು ಸೆಳೆಯಲು ಹೆಬ್ಬೆರಳಿಗೆ ತೊಡುವ ಬಗೆಯ ಈ ಉಂಗುರದ ಮೇಲೆ ‘ಸಾಹಿಬ್-ಎ-ಕಿರಾನ್-ಎ-ಸಾನಿ’ ಎಂಬ ಷಾಜಹಾನನ ಬಿರುದನ್ನು ಕೊರೆಯಲಾಗಿದೆ. ‘ಗ್ರಹಗಳ ಶುಭಯೋಗದ ಎರಡನೆಯ ಒಡೆಯ’ ಎಂಬುದು ಅದರ ಅರ್ಥ; ಮೊದಲನೆಯವನು ತೈಮೂರ್. ಕಲ್ಯಾಣ ಚಾಲುಕ್ಯರು ‘ಸತ್ಯಾಶ್ರಯಕುಲತಿಲಕ’ರೆನಿಸಿಕೊಂಡು ಬಾದಾಮಿಯ ಪೂರ್ವಿಕರೊಡನೆ ಸಂಬಂಧವನ್ನು ಸಾರಿದಂತೆ, ಇಲ್ಲಿಯೂ ಬಿರುದೇ ವಂಶಾವಳಿಯಾಗಿದೆ. ಜೇಡ್ ಉಳಿಯ ಪೆಟ್ಟಿಗೆ ಸುಲಭವಾಗಿ ಮಣಿಯುವ ಕಲ್ಲಲ್ಲ. ಅದಕ್ಕಿಂತ ಗಡುಸಾದ ಕುರಂದದಂತಹ ಪುಡಿಯನ್ನು ನೀರಿನೊಡನೆ ಬಳಸಿ, ಸವೆಸಿ ಸವೆಸಿ ಅಕ್ಷರ ಮೂಡಿಸಬೇಕು. ಅಷ್ಟು ಶ್ರಮದಿಂದ ನಿಲ್ಲಿಸಿದ ಮಾತನ್ನು ಕೇವಲ ಅಲಂಕಾರವೆನ್ನಲಾಗದು. ನಮ್ಮ ಪ್ರಶಸ್ತಿಗಳ ಬಿರುದಾವಳಿಯನ್ನು ಓದುವ ಶಿಸ್ತಿನಿಂದಲೇ ಇದನ್ನೂ ಓದಬೇಕು.