ವಯಸ್ಕರಲ್ಲಿ ಸ್ವಲೀನತೆಯ ಪರೀಕ್ಷೆ

ಜ್ವರ ಬಂದವನ ನಾಲಗೆಯ ಕೆಳಗೆ ಉಷ್ಣಮಾಪಕವನ್ನಿಟ್ಟರೆ ಜ್ವರ ಎಷ್ಟೆಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುವುದು. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆಯೆ ಎಂದು ನೋಡಲು ಬೆರಳ ತುದಿಯ ಒಂದು ತೊಟ್ಟು ರಕ್ತ ಸಾಕು. ಎಲುಬು ಮುರಿದಿದೆಯೆ ಎಂಬ ಪ್ರಶ್ನೆಗೆ ಕ್ಷ-ಕಿರಣದ ಚಿತ್ರವೇ ಉತ್ತರ. ವೈದ್ಯರ ಎಷ್ಟೋ ಪ್ರಶ್ನೆಗಳಿಗೆ ಭೌತವಿಜ್ಞಾನದ ಉಪಕರಣಗಳು ಹೀಗೆ ಉತ್ತರ ಕೊಡುತ್ತಿರುವುದನ್ನು ನಾವು ತರಗತಿಯಲ್ಲಿ ಅಭಿಮಾನದಿಂದ ಹೇಳುವುದುಂಟು. ಆದರೆ ಯಾವ ಉಪಕರಣವೂ ಉತ್ತರಿಸಲಾರದ ಪ್ರಶ್ನೆಗಳೂ ವೈದ್ಯಶಾಸ್ತ್ರದಲ್ಲಿವೆ. ಬೆಳೆದು ದೊಡ್ಡವನಾದ ಮನುಷ್ಯನಿಗೆ ಸ್ವಲೀನತೆ, ಅಂದರೆ ಆಟಿಸಂ, ಇದೆಯೆ ಇಲ್ಲವೆ ಎಂಬುದು ಅಂತಹ ಒಂದು ಪ್ರಶ್ನೆ. ಇದನ್ನು ತಿಳಿಸುವ ರಕ್ತಪರೀಕ್ಷೆಯಿಲ್ಲ. ಮಿದುಳಿನ ಚಿತ್ರದಿಂದಲೂ ಇದನ್ನು ನಿರ್ಣಯಿಸಲಾಗದು. ಹಾಗಿದ್ದರೂ ಪರೀಕ್ಷೆಯೆಂಬುದು ಇದೆ; ಅದಕ್ಕೊಂದು ಕ್ರಮವೂ ಇದೆ. ಅದಕ್ಕೆ ಹೋಗುವವನು ಏನನ್ನು ನಿರೀಕ್ಷಿಸಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸುವೆವು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾವೇ ಈ ಪರೀಕ್ಷೆಗೆ ಒಳಗಾದುದರಿಂದ ಕೆಲವು ಮಾತುಗಳನ್ನು ಅನುಭವದಿಂದಲೂ ಹೇಳಬಲ್ಲೆವು.

ಸ್ವಲೀನತೆ ಎಂದರೇನು?

ಸ್ವಲೀನತೆಯು ಅಂಟುವ ರೋಗವಲ್ಲ, ಮಧ್ಯದಲ್ಲಿ ಬಂದು ಹೋಗುವ ಬೇನೆಯೂ ಅಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿ ಮೊದಲಿನಿಂದಲೇ ಇರುವ ಒಂದು ಭಿನ್ನತೆ. 1925ರಲ್ಲಿ ಮಾಸ್ಕೋವಿನ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಆರು ಹುಡುಗರಲ್ಲಿ ಇದರ ಲಕ್ಷಣಗಳನ್ನು ವರ್ಣಿಸಿದರು. ಆದರೆ ಅವರ ಬರಹ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆಯೇ ಈ ವಿಷಯ ವೈದ್ಯಲೋಕದಲ್ಲಿ ನೆಲೆಗೊಂಡಿತು.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಕೈಪಿಡಿಯ ಐದನೆಯ ಆವೃತ್ತಿಯನ್ನು ನಮ್ಮ ದೇಶದ ವೈದ್ಯರೂ ಬಳಸುವರು. ಅದರಂತೆ ಲಕ್ಷಣಗಳಲ್ಲಿ ಎರಡು ಗುಂಪುಗಳು. ಮೊದಲನೆಯದು ಇತರರೊಡನೆ ಬೆರೆಯುವುದಕ್ಕೆ ಸಂಬಂಧಿಸಿದುದು: ಮಾತಿನ ಕೊಡುಕೊಳ್ಳುವಿಕೆ, ಮುಖಭಾವ ಮತ್ತು ಕಣ್ಣೋಟದ ಬಳಕೆ, ಸ್ನೇಹವನ್ನು ಕಟ್ಟಿ ಉಳಿಸಿಕೊಳ್ಳುವುದು, ಈ ಮೂರರಲ್ಲಿಯೂ ತೊಡಕಿರಬೇಕು. ಎರಡನೆಯ ಗುಂಪಿನಲ್ಲಿ ನಾಲ್ಕು ಲಕ್ಷಣಗಳಿವೆ: ಒಂದೇ ಚಲನೆ ಅಥವಾ ಮಾತಿನ ಪುನರಾವರ್ತನೆ; ನಿತ್ಯಕ್ರಮ ಬದಲಾದರೆ ತಡೆಯಲಾಗದ ಕಳವಳ; ಒಂದೇ ವಿಷಯದಲ್ಲಿ ಮಿತಿಮೀರಿದ ಆಸಕ್ತಿ; ಶಬ್ದ, ಬೆಳಕು, ಸ್ಪರ್ಶಗಳು ಇತರರಿಗಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ತಟ್ಟುವುದು. ಇವುಗಳಲ್ಲಿ ಎರಡಾದರೂ ಇರಬೇಕು. ಇವೆಲ್ಲವೂ ಬಾಲ್ಯದಿಂದಲೇ ಇದ್ದಿರಬೇಕು, ಮತ್ತು ಜೀವನಕ್ಕೆ ಅಡಚಣೆಯನ್ನು ತಂದಿರಬೇಕು. ಬಾಲ್ಯದಿಂದಲೇ ಇದ್ದಿರಬೇಕೆಂಬ ಈ ನಿಯಮವನ್ನು ಓದುಗರು ನೆನಪಿನಲ್ಲಿಡತಕ್ಕದ್ದು. ವಯಸ್ಕರ ಪರೀಕ್ಷೆಯ ಕಷ್ಟವೆಲ್ಲ ಅಲ್ಲಿಯೇ ಇದೆ.

ವಯಸ್ಕರು ಈಗ ಏಕೆ ಬರುತ್ತಾರೆ?

ಹುಟ್ಟಿನಿಂದ ಇದ್ದುದು ಇಷ್ಟು ತಡವಾಗಿ ಗೊತ್ತಾಗುವುದೇಕೆ? ಕಾರಣ ಇತಿಹಾಸದಲ್ಲಿದೆ. 1980ರ ಕೈಪಿಡಿಯಲ್ಲಿ ಇದಕ್ಕಿದ್ದ ಹೆಸರೇ ಶಿಶುಗಳ ಆಟಿಸಂ ಎಂದು. 30 ತಿಂಗಳು ತುಂಬುವ ಮೊದಲೇ ಅದು ಎದ್ದುಕಾಣಬೇಕಿತ್ತು. ಚೆನ್ನಾಗಿ ಮಾತನಾಡುವ, ಪಾಠದಲ್ಲಿ ಮುಂದಿರುವ ಮಗುವನ್ನು ಯಾರೂ ಈ ದೃಷ್ಟಿಯಿಂದ ನೋಡುತ್ತಿರಲಿಲ್ಲ. ನಮ್ಮ ದೇಶದಲ್ಲಿ 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಸೇರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಸೇರಿತು. 2016ರ ಕಾಯಿದೆ ಅದನ್ನು 21 ಅಂಗವೈಕಲ್ಯಗಳಲ್ಲಿ ಒಂದೆಂದು ಎಣಿಸಿತು. ಇಂದು ಮೂವತ್ತು ನಲವತ್ತು ದಾಟಿದವರು ಶಾಲೆಗೆ ಹೋಗುವಾಗ ಉಪಾಧ್ಯಾಯರ ಬಾಯಲ್ಲಿ ಈ ಹೆಸರು ಇರಲಿಲ್ಲ. 'ಒಂಟಿಗ', 'ಹಟಮಾರಿ', 'ಪುಸ್ತಕದ ಹುಳು' ಎಂಬ ಹೆಸರುಗಳಿದ್ದವು.

ಇನ್ನೊಂದು ಕಾರಣವೂ ಉಂಟು. ಬುದ್ಧಿವಂತನಾದವನು ಇತರರನ್ನು ನೋಡಿ ನೋಡಿ ನಡೆನುಡಿಗಳನ್ನು ಪಾಠದಂತೆ ಕಲಿಯುವನು: ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಯಾವಾಗ ನಗಬೇಕು, ಎಲ್ಲಿ 'ಊಟ ಆಯಿತೆ?' ಎನ್ನಬೇಕು. ಇದನ್ನು ಮರೆಮಾಚುವಿಕೆ ಎನ್ನುವರು. ಹುಡುಗಿಯರಲ್ಲಿ ಇದು ಹೆಚ್ಚೆಂದು ಕಂಡುಬಂದಿರುವುದರಿಂದ ಅವರಲ್ಲಿ ಸ್ವಲೀನತೆ ಇನ್ನೂ ತಡವಾಗಿ ಗೊತ್ತಾಗುವುದು. ಹೊರಗಿನವರಿಗೆ ಏನೂ ಕಾಣದು. ಸಂಜೆಗೆ ಆ ವ್ಯಕ್ತಿಗೆ ಮಾತ್ರ ಕಲ್ಲು ಹೊತ್ತಷ್ಟು ಆಯಾಸ.

ಪ್ರಶ್ನಾವಳಿ ಎಷ್ಟನ್ನು ಹೇಳಬಲ್ಲುದು?

ಪರೀಕ್ಷೆಯ ಮೊದಲ ಮೆಟ್ಟಿಲು ಪ್ರಶ್ನಾವಳಿ. ಕೇಂಬ್ರಿಡ್ಜಿನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ 50 ಹೇಳಿಕೆಗಳ ಪಟ್ಟಿ ಪ್ರಸಿದ್ಧವಾದುದು. ಸ್ವಲೀನತೆಯುಳ್ಳ ವಯಸ್ಕರಲ್ಲಿ ನೂರಕ್ಕೆ 80 ಮಂದಿ ಅದರಲ್ಲಿ 32 ಅಥವಾ ಹೆಚ್ಚು ಅಂಕ ಪಡೆದರು. ಸಾಮಾನ್ಯ ಜನರಲ್ಲಿ ಹಾಗೆ ಪಡೆದವರು ನೂರಕ್ಕೆ 2 ಮಾತ್ರ. ಇದನ್ನು ಓದಿದ ವಿದ್ಯಾರ್ಥಿ, 'ನನಗೆ 34 ಬಂದಿದೆ, ಆದುದರಿಂದ ಸಂದೇಹವೇ ಇಲ್ಲ' ಎನ್ನಬಹುದು. ಸ್ವಲ್ಪ ನಿಲ್ಲೋಣ, ಲೆಕ್ಕ ಮಾಡಿ ನೋಡೋಣ.

ಒಂದು ಪಟ್ಟಣದಲ್ಲಿ 10,000 ವಯಸ್ಕರಿರಲಿ. ನೂರಕ್ಕೆ ಒಬ್ಬರಂತೆ ಅವರಲ್ಲಿ 100 ಮಂದಿಗೆ ಸ್ವಲೀನತೆ ಇದೆಯೆಂದು ಇಟ್ಟುಕೊಳ್ಳೋಣ. ಎಲ್ಲರಿಗೂ ಪ್ರಶ್ನಾವಳಿ ಕೊಟ್ಟರೆ, ಆ 100 ಮಂದಿಯಲ್ಲಿ 80 ಮಂದಿ 32ನ್ನು ಮುಟ್ಟುವರು. ಉಳಿದ 9,900 ಮಂದಿಯಲ್ಲಿ ನೂರಕ್ಕೆ 2ರಂತೆ 198 ಮಂದಿಯೂ ಮುಟ್ಟುವರು. ಒಟ್ಟು 278. ಇವರಲ್ಲಿ ನಿಜವಾಗಿ ಸ್ವಲೀನತೆ ಇರುವವರು 80, ಅಂದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಇತ್ತ 32ನ್ನು ಮುಟ್ಟದ 20 ಮಂದಿ ಸ್ವಲೀನತೆ ಇದ್ದೂ ತಪ್ಪಿಹೋದರು. ಅದೇ ಅಧ್ಯಯನದಲ್ಲಿ ವಿಜ್ಞಾನ ಮತ್ತು ಗಣಿತದ ವಿದ್ಯಾರ್ಥಿಗಳಿಗೆ ಸಾಹಿತ್ಯಾದಿ ವಿಷಯಗಳ ವಿದ್ಯಾರ್ಥಿಗಳಿಗಿಂತ ಸರಾಸರಿ ಅಂಕ ಹೆಚ್ಚಾಗಿತ್ತೆಂಬುದನ್ನೂ ಈ ಪತ್ರಿಕೆಯ ಓದುಗರು ಗಮನಿಸಬೇಕು. ಪ್ರಶ್ನಾವಳಿಯ ಅಂಕವು ವೈದ್ಯರ ಬಾಗಿಲಿಗೆ ದಾರಿ ತೋರಿಸುವುದೇ ಹೊರತು ಒಳಗಿನ ತೀರ್ಪಲ್ಲ.

ಯಾರ ಬಳಿಗೆ ಹೋಗಬೇಕು?

ಮನೋವೈದ್ಯರು ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನೋವಿಜ್ಞಾನಿಗಳು ಈ ಪರೀಕ್ಷೆಯನ್ನು ನಡೆಸುವರು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲಿ ವಿಚಾರಿಸಬಹುದು. 'ನೀವು ವಯಸ್ಕರನ್ನು ಪರೀಕ್ಷಿಸಿರುವಿರಾ?' ಎಂದು ಮೊದಲೇ ಕೇಳುವುದು ಒಳ್ಳೆಯದು; ಮಕ್ಕಳನ್ನು ಮಾತ್ರ ನೋಡಿ ರೂಢಿಯಾದವರು ಅನೇಕರಿರುವರು. ನಾವು ಮೊದಲು ಕಂಡ ವೈದ್ಯರು ಹತ್ತು ನಿಮಿಷ ಮಾತನಾಡಿಸಿ, 'ಉಪನ್ಯಾಸಕರು, ಮದುವೆಯಾದವರು, ನನ್ನ ಮುಖ ನೋಡಿ ಮಾತನಾಡುತ್ತಿದ್ದೀರಿ, ನಿಮಗೆಲ್ಲಿಯ ಆಟಿಸಂ?' ಎಂದು ನಕ್ಕು ಕಳುಹಿಸಿದರು. ನಾವು ನೋಡುತ್ತಿದ್ದುದು ಅವರ ಹುಬ್ಬುಗಳ ನಡುವಣ ಜಾಗವನ್ನು. ಅದನ್ನು ಕಾಲೇಜಿನ ದಿನಗಳಲ್ಲಿ ಅಭ್ಯಾಸ ಮಾಡಿಕೊಂಡಿದ್ದೆವು. ಎರಡನೆಯವರ ಬಳಿಗೆ ಹೋಗಲು ಒಂದು ವರ್ಷ ಹಿಡಿಯಿತು.

ಗತಕಾಲದ ಸಾಕ್ಷ್ಯ

ಸರಿಯಾದ ಪರೀಕ್ಷೆ ಒಂದೇ ದಿನದಲ್ಲಿ ಮುಗಿಯದು. ಎರಡು ಮೂರು ಬಾರಿ ಕುಳಿತುಕೊಳ್ಳಬೇಕಾಗುವುದು. ಅದರ ಮುಖ್ಯ ಭಾಗ ಬಾಲ್ಯದ ವೃತ್ತಾಂತ. ಮಗು ಯಾವಾಗ ಮಾತನಾಡಿತು, ಬೆರಳು ತೋರಿಸಿ ಕೇಳುತ್ತಿತ್ತೆ, ಯಾರೊಡನೆ ಆಡುತ್ತಿತ್ತು, ಏನಾಡುತ್ತಿತ್ತು ಎಂದು ತಾಯಿತಂದೆಯರನ್ನು ಕ್ರಮವಾಗಿ ಕೇಳಲು 93 ಅಂಶಗಳ ಒಂದು ಸಂದರ್ಶನವೇ ಇದೆ. ಹಿರಿಯರು ಬರಲಾಗದಿದ್ದರೆ ಅಣ್ಣಅಕ್ಕಂದಿರು, ಹಳೆಯ ಉಪಾಧ್ಯಾಯರು, ಶಾಲೆಯ ಪ್ರಗತಿಪತ್ರದಲ್ಲಿ ಬರೆದ ಒಂದು ಸಾಲು, ಇವೂ ಉಪಯೋಗಕ್ಕೆ ಬರುವುವು.

ನಾವು ಊರಿಗೆ ಹೋಗಿ ತಾಯಿಯವರನ್ನು ಕೇಳಿದೆವು.

"ಚಿಕ್ಕಂದಿನಲ್ಲಿ ನಾನು ಹೇಗಿದ್ದೆ, ಅಮ್ಮ?"

"ಹೇಗೇನು, ಜಾಣನಿದ್ದೆ. ಈಗ ಯಾಕೆ ಅದೆಲ್ಲ? ಮೈಗೆ ಹುಷಾರಿಲ್ಲವೇನೋ?"

ವಿಷಯವನ್ನು ತಿಳಿಸಿ ಹೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಒಂದೊಂದಾಗಿ ಹೊರಬಂದವು. ಮದುವೆಮನೆಯಲ್ಲಿ ಓಲಗ ಶುರುವಾದ ಕೂಡಲೆ ಕಿವಿ ಮುಚ್ಚಿಕೊಂಡು ಚಪ್ಪರದಿಂದ ಹೊರಕ್ಕೆ ಓಡುತ್ತಿದ್ದುದು. ಉಳಿದ ಮಕ್ಕಳು ಹುಣಿಸೆಬೀಜದಲ್ಲಿ ಆಟವಾಡಿದರೆ ನಾವು ಅವನ್ನು ಸಾಲಾಗಿ ಜೋಡಿಸುತ್ತಿದ್ದುದು; ಯಾರಾದರೂ ಒಂದು ಬೀಜವನ್ನು ಸರಿಸಿದರೆ ಅಂದು ಊಟವಿಲ್ಲದಿದ್ದುದು. ಕೊನೆಗೆ ಅವರು ಹೇಳಿದ ಮಾತು ಇದು: "ನಾನೇ ಸರಿಯಾಗಿ ಬೆಳೆಸಲಿಲ್ಲವೇನೋ ಅಂದುಕೊಂಡಿದ್ದೆ ಕಣೋ."

ಈ ಅಳುಕು ನಮ್ಮ ತಾಯಿಯವರೊಬ್ಬರದೇ ಅಲ್ಲ. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುವುದೆಂದು ದೊಡ್ಡ ದೊಡ್ಡ ವಿದ್ವಾಂಸರೇ ಒಂದು ಕಾಲದಲ್ಲಿ ಬರೆದಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಇದನ್ನು ಖಂಡಿಸಿ ಗ್ರಂಥ ಬರೆದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಸಾಮಾನ್ಯ ಅವಳಿಗಳ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಮುಂದಿನ ಅಧ್ಯಯನಗಳೂ ವಂಶವಾಹಿಗಳ ಪಾತ್ರವನ್ನೇ ದೃಢಪಡಿಸಿದವು. ಬೆಳೆಸಿದ ಕೈಯ ತಪ್ಪು ಇದರಲ್ಲಿ ಇಲ್ಲ. ಇದನ್ನು ತಾಯಿಯವರಿಗೆ ಹೇಳಲು ಸಾಧ್ಯವಾದುದೇ ಪರೀಕ್ಷೆಯ ಮೊದಲ ಫಲವೆಂದು ನಾವು ಎಣಿಸುವೆವು.

ಎದುರಿಗೆ ಕುಳಿತು ನೋಡುವುದು

ಮುಂದಿನದು ಪ್ರತ್ಯಕ್ಷ ವೀಕ್ಷಣೆ. ಇದಕ್ಕಾಗಿ ಏರ್ಪಟ್ಟ ಕ್ರಮಬದ್ಧ ಪರೀಕ್ಷೆಯೊಂದರಲ್ಲಿ, ಚೆನ್ನಾಗಿ ಮಾತನಾಡುವ ವಯಸ್ಕರಿಗೆಂದೇ ಬೇರೆ ಭಾಗವಿದೆ. 40ರಿಂದ 60 ನಿಮಿಷ ಹಿಡಿಯುವುದು. ಚಿತ್ರಗಳನ್ನು ನೋಡಿ ಕಥೆ ಹೇಳಬೇಕು. ಸ್ನೇಹ, ಕೆಲಸ, ಒಂಟಿತನಗಳ ವಿಷಯವಾಗಿ ಮಾತನಾಡಬೇಕು. ಸರಿ ತಪ್ಪು ಉತ್ತರಗಳ ಪರೀಕ್ಷೆ ಇದಲ್ಲ. ಪರೀಕ್ಷಕರು ಗಮನಿಸುವುದು ಮಾತಿನ ಲಯ, ಮುಖಭಾವ, ಹಾವಭಾವಗಳನ್ನು. ಈ ಸಾಧನ ಎಲ್ಲ ಊರುಗಳಲ್ಲಿಯೂ ದೊರೆಯದು; ದೊರೆಯದ ಕಡೆ ಅನುಭವಿಯಾದ ವೈದ್ಯರು ದೀರ್ಘ ಸಂದರ್ಶನದಿಂದಲೇ ನಿರ್ಣಯಿಸುವರು. ಹೋಗುವವನು ವೇಷ ಹಾಕಬಾರದು: ಇಲ್ಲದುದನ್ನು ತೋರಿಸುವುದೂ ಬೇಡ, ಅಭ್ಯಾಸಬಲದಿಂದ ಇದ್ದುದನ್ನು ಮುಚ್ಚುವುದೂ ಬೇಡ. ಮರೆಮಾಚುವ ರೂಢಿಯಿದ್ದರೆ ಅದನ್ನೇ ಬಾಯಿಬಿಟ್ಟು ಹೇಳುವುದು ಲೇಸು.

ಇದೇ ಬಗೆಯ ತೊಡಕು ಬೇರೆ ಕಾರಣಗಳಿಂದಲೂ ಬರಬಹುದು. ಜನರ ಮುಂದೆ ಅತಿಯಾದ ಅಂಜಿಕೆ, ಖಿನ್ನತೆ, ಗೀಳು, ಗಮನದ ಕೊರತೆ, ಕಿವಿ ಮಂದವಾಗಿರುವುದು, ಇವನ್ನೆಲ್ಲ ವೈದ್ಯರು ವಿಚಾರಿಸುವರು. ಅವು ಸ್ವಲೀನತೆಯ ಜೊತೆಯಲ್ಲಿಯೂ ಇರಬಲ್ಲವು. 'ಇವರೇಕೆ ಸಂಬಂಧವಿಲ್ಲದುದನ್ನು ಕೇಳುತ್ತಾರೆ?' ಎಂದು ಬೇಸರಪಡಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ನಾವೂ ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆದ ಮೇಲೆಯೇ ತೀರ್ಮಾನಕ್ಕೆ ಬರುವೆವಷ್ಟೆ.

ಫಲಿತಾಂಶ ಬಂದ ಮೇಲೆ

ಉತ್ತರ ಮೂರು ಬಗೆಯಾಗಿರಬಹುದು: ಇದೆ, ಇಲ್ಲ, ಆದರೆ ತೊಡಕಿಗೆ ಬೇರೆ ಕಾರಣವಿದೆ, ಬಾಲ್ಯದ ಸಾಕ್ಷ್ಯ ಸಾಲದು, ನಿಶ್ಚಯವಾಗಿ ಹೇಳಲಾಗದು. ಮೂರನೆಯದನ್ನು ವೈದ್ಯರ ಸೋಲೆಂದು ತಿಳಿಯಬಾರದು. ಅದು ಪ್ರಾಮಾಣಿಕವಾದ ಉತ್ತರ. ಯಾವುದೇ ಆದರೂ ಲಿಖಿತ ವರದಿಯನ್ನು ಕೇಳಿ ಪಡೆಯಬೇಕು. ಸ್ವಲೀನತೆಯನ್ನು ಹೋಗಲಾಡಿಸುವ ಔಷಧವಿಲ್ಲ. ಜೊತೆಗಿರುವ ಕಳವಳಕ್ಕೂ ಖಿನ್ನತೆಗೂ ಚಿಕಿತ್ಸೆಯಿದೆ.

ಸರ್ಕಾರದ ಅಂಗವೈಕಲ್ಯ ಪ್ರಮಾಣಪತ್ರ ಬೇರೆ ವಿಷಯ. ಅದಕ್ಕಾಗಿ 2009ರಲ್ಲಿ ಸಿದ್ಧವಾದ 40 ಅಂಶಗಳ ಭಾರತೀಯ ಮಾಪನಿಯೊಂದಿದೆ. ಪ್ರತಿ ಅಂಶಕ್ಕೆ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಸ್ವಲೀನತೆ ಇಲ್ಲವೆಂದೇ ಎಣಿಕೆ. ಮುಖ್ಯವಾಗಿ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಇದರಲ್ಲಿ, ಮರೆಮಾಚಲು ಕಲಿತ ವಯಸ್ಕನಿಗೆ ಅಂಕ ಕಡಿಮೆ ಬರಬಹುದು. ವೈದ್ಯರು 'ಇದೆ' ಎಂದ ಮಾತ್ರಕ್ಕೆ ಪ್ರಮಾಣಪತ್ರ ಖಂಡಿತವೆಂದು ತಿಳಿಯಬಾರದು.

ನಮಗೆ ಬಂದ ಉತ್ತರ 'ಇದೆ' ಎಂದು. ಮಾರನೆಯ ದಿನ ಎಂದಿನಂತೆ ಪಾಠ ಮಾಡಿದೆವು. ಬದಲಾದುದು ಅಷ್ಟಿಷ್ಟು: ಅಧ್ಯಾಪಕರ ಕೊಠಡಿಯಲ್ಲಿ ಗದ್ದಲ ಹೆಚ್ಚಿದಾಗ ಪ್ರಯೋಗಶಾಲೆಗೆ ಹೋಗಿ ಕುಳಿತುಕೊಳ್ಳುವೆವು, ಅದನ್ನು ಅಪರಾಧವೆಂದು ಎಣಿಸುವುದಿಲ್ಲ. ವರ್ನಿಯರ್ ಮಾಪಕದ ಶೂನ್ಯದೋಷವನ್ನು ಮೊದಲು ನೋಡಿಕೊಳ್ಳಿರೆಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇವೆ. ಶೂನ್ಯ ಎಲ್ಲಿದೆಯೆಂದು ತಿಳಿದರೆ ಮಾಪಕವನ್ನು ಎಸೆಯಬೇಕಾಗಿಲ್ಲ. ಅದರ ಪ್ರತಿಯೊಂದು ಅಳತೆಯೂ ಕೆಲಸಕ್ಕೆ ಬರುವುದು.

ಈ ಲೇಖನವನ್ನು ಓದಿ ತಮಗೂ ತಮ್ಮ ಗೆಳೆಯರಿಗೂ ಹೆಸರು ಅಂಟಿಸಿಕೊಳ್ಳಲು ವಿದ್ಯಾರ್ಥಿಗಳು ಅವಸರಪಡಬಾರದು. ಆದರೆ ಪ್ರಶ್ನೆ ನಿಜವಾಗಿ ಕಾಡುತ್ತಿದ್ದರೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ತಾಯಿತಂದೆಯರ, ಅಜ್ಜಿತಾತಂದಿರ ಬಳಿ ಕುಳಿತು, ಚಿಕ್ಕಂದಿನಲ್ಲಿ ತಾವು ಹೇಗಿದ್ದೆವೆಂದು ಕೇಳಿ, ಅವರು ಹೇಳಿದುದನ್ನು ತಾರೀಕು ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿರಿ. ಈ ಪರೀಕ್ಷೆಗೆ ಬೇಕಾದ ಉಪಕರಣ ಅವರ ನೆನಪು. ಅದು ಯಾವ ಆಸ್ಪತ್ರೆಯಲ್ಲಿಯೂ ದೊರೆಯದು, ಎಂದೆಂದಿಗೂ ಉಳಿಯುವಂತಹುದೂ ಅಲ್ಲ.